ಪಕ್ಕದ ಸೀಟು

ಮುಂದಿನ ಕೆಂಪು ಕಾರಿನ ಹಿಂಗಾಜಿನ ಧೂಳಿನ ಮೇಲೆ ಯಾರೋ ಬೆರಳಿನಿಂದ ಹೂವು ಬರೆದಿದ್ದಾರೆ, ಐದು ಎಸಳು ಪೂರ್ತಿ, ಆರನೆಯದು ಅರ್ಧ, ಬರೆಯುತ್ತಿದ್ದವರನ್ನು ಯಾರೋ ಕರೆದಿರಬೇಕು, ಬಾ ಹೊತ್ತಾತು ಅಂತ, ನನ್ನನ್ನೂ ಈಗ ಯಾರಾದರೂ ಹಾಗೆ ಕರೆದರೆ, ಯಮನೂರಮ್ಮಾರ ಲಗೂ ಬರ್ರಿ, ಹನುಮಸಾಗರದಾಗ ಎಮ್ಮಿ ಈಯಾಕ ಒದ್ದಾಡಾಕತ್ತೈತಿ ಅಂದರೆ, ಈ ಕಾರುಗಳ ಸಾಲು ಬಿಟ್ಟು ಹೋಗಿಬಿಡುತ್ತೇನೆ, ಆ ಕೆಲಸ ನನಗೆ ಗೊತ್ತು, ಮೊಣಕೈತನಕ ಕೈ ಹಾಕಿ ಒಳಗೆ ಕರುವಿನ ಕಾಲು ಹುಡುಕುವಾಗಲೂ ಎದೆ ಹೀಗೆ ಹೊಡೆದುಕೊಂಡಿಲ್ಲ — ಹೆಲ್ಮೆಟ್ಟಿನೊಳಗೆ ನನ್ನ ಉಸಿರು ನನಗೇ ಬಿಸಿ, ಇವರ ಬೈಕಿನ ಹೆಲ್ಮೆಟ್ಟು, ಒಳಪಟ್ಟಿಯ ಮೇಲೆ ಗಾಳೇಶ, ಕುಷ್ಟಗಿ ಅಂತ ಪೆನ್ನಿನಿಂದ ಬರೆದುಕೊಂಡಿದ್ದಾರೆ, ಗಂಡನ ಹೆಸರು ಹಣೆಗೆ ಒತ್ತಿಕೊಂಡು ಕೂತಿದ್ದೇನೆ, ತಸ್ಲೀಮಾ ನೋಡಿದರೆ ನಗುತ್ತಾಳೆ, ಬೆಳಗಿನಿಂದ ನಗುತ್ತಲೇ ಇದ್ದಾಳೆ ಅವಳು, ಕಾರು ಖಾಲಿ ಮಾಡುವಾಗಿನಿಂದ. ಸಡ್ಲ ಇರೋದೆಲ್ಲ ಇಳಸ್ರಿ ಅಕ್ಕಾರ, ಬ್ರೇಕ್ ಹೊಡದ್ರ ಹಾರಿ ಬಂದು ತೆಲಿಗೆ ಬಡೀತೈತಿ ಅಂದ ಗಾಡಿ ಕಲಿಸುವ ರಫೀ ಮಾಸ್ತರ, ಇಳಿಸಿದೆವು, ಲಸಿಕೆಯ ಐಸ್ ಡಬ್ಬಿ, ಹಗ್ಗ, ರಬ್ಬರ್ ಬೂಟು, ಹಿಂಡಿ ಚೀಲ, ಯಾರದೋ ಮನೆಯವರು ಕೊಟ್ಟ ಕುಂಬಳಕಾಯಿ, ಇದು ಕಾರೋ ಸಂತೀಯೋ ಅಂದ, ದವಾಖಾನಿ ಐತ್ರಿ ಇದು, ದನದ ದವಾಖಾನಿ, ಅಂದಳು ತಸ್ಲೀಮಾ, ನನ್ನ ಜೊತೆಗೇ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಡ್ಯಾಶ್‌ಬೋರ್ಡ್ ಮ್ಯಾಲಿನ ಹನುಮಪ್ಪನ್ನೂ ಇಳಸಬೇಕೇನ್ರಿ, ಅಂವ ಸಡ್ಲ ಇಲ್ಲ, ಅಂಟಿಸ್ಯಾರ, ಹಂಗಾರ ಅಂವ ಇರ್ಲಿ ಬಿಡ್ರಿ, ಅಂವಗ ವೇಗ ರೂಢಿ ಐತಿ.

ಅವಳೇ ಇದಕ್ಕೆಲ್ಲ ಕಾರಣ, ಗಂಗಾವತಿಯಲ್ಲಿ ಗೋಡೆಗೆ ಅಂಟಿಸಿದ್ದ ಹಾಳೆಯ ಫೋಟೋ ಕಳಿಸಿದವಳು ಅವಳೇ, ನಿಮ್ಮ ದಿನನಿತ್ಯದ ಕಾರನ್ನೇ ತನ್ನಿ, ವೇಗ ಕಲಿಯಿರಿ, ಯಲಬುರ್ಗಾ ರಸ್ತೆಯ ಪಕ್ಕದ ಲೇಔಟು, ಒಂದು ಸೈಟೂ ಮಾರಾಟವಾಗದೆ ಡಾಂಬರು ಮಾತ್ರ ಥಳಥಳ ಉಳಿದಿರುವ ಜಾಗ, ಮನೆಗಳಿಲ್ಲ, ಮನೆಗಳಿಗೆ ಹೋಗುವ ರಸ್ತೆಗಳಿವೆ, ಬೀದಿಗೆ ಹೆಸರಿನ ಫಲಕಗಳಿವೆ, ಮಲ್ಲಿಗೆ ಬೀದಿ, ಸಂಪಿಗೆ ಬೀದಿ, ಜಾಲಿ ಬಿಟ್ಟು ಬೇರೆ ಗಿಡವೇ ಇಲ್ಲ. ಇವರಿಗೆ ತೋರಿಸಿದೆ, ಬ್ಯಾಡ ಅಂತಾರೆ ಅಂದುಕೊಂಡಿದ್ದೆ, ಇವರು ಮೀಸೆ ತಿರುವಿ, ಹೋಗೂಣು, ಆ ಮಾಸ್ತರ ನಿನ್ನ ಕೈ ನೋಡ್ಲಿ, ಅಂವ ಛಲೋ ಅಂದ್ರ ಕೀಲಿ ನಿನ್ನ ಕಡೆ ಇರ್ಲಿ, ಇಲ್ಲಂದ್ರ ನಾಳಿಂದ ಜಿಲಾನಸಾಬ ಗಾಡಿ ಹೊಡೀತಾನ, ನೀ ಹಿಂದ ಆರಾಮ ಕುಂದ್ರು, ಅಂದರು, ಸಿಟ್ಟಿಲ್ಲ, ಚಹಾ ಕುಡಿಯುತ್ತಾ ಅಂದರು, ಇವರ ಸಿಟ್ಟಾದರೂ ಇದ್ದಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಜಿಲಾನಸಾಬ ಒಳ್ಳೆಯವನೇ, ಸಂಜೆಯಾದರೆ ಮನೆಗೆ ಹೋಗುತ್ತಾನೆ, ಹೋಗಬೇಕು, ಮಕ್ಕಳಿದ್ದಾವೆ ಅವನಿಗೆ, ಎಮ್ಮೆಗೆ ಅದು ತಿಳಿಯುವುದಿಲ್ಲವಲ್ಲ, ಎಮ್ಮೆ ಯಾರ ಡ್ಯೂಟಿ ಮುಗಿದಿದೆ ಅಂತ ನೋಡಿ ಈಯುವುದಿಲ್ಲ, ಮೊದಲು ಫಟಫಟಿ ಹಿಂದೆ, ಟಂಟಂ ಆಟೋ ಹಿಂದೆ, ಬಸ್ಸಿಗೆ ಕೈ ಮಾಡುತ್ತಾ ನಿಂತು ನಾನು ಹೋಗಿ ಮುಟ್ಟುವಷ್ಟರಲ್ಲಿ ಕೈ ಮುಗಿದು ನಿಂತಿರುತ್ತಿದ್ದರು ಎಮ್ಮೆಯ ಮನೆಯವರು, ತಡಾತ್ರಿ ಬಾಯಾರ — ಈ ಕೀಲಿ ಬಂದ ಮೇಲೆ ಆ ಮಾತು ಕೇಳಿಲ್ಲ ನಾನು. ಕೆಂಪು ಕಾರು ಹೊರಟಿತು, ಅರ್ಧ ಹೂವೂ ಹೋಯಿತು, ಈಗ ನನ್ನ ಪಾಳಿ, ತಡಿ, ಇನ್ನೂ ತಡಿ, ಹಸಿರು ಬಟ್ಟೆ ಬೀಸುವವಳು ತಸ್ಲೀಮಾ, ದುಪಟ್ಟಾದ ಮೇಲೆ ಟೋಪಿ ಹಾಕಿಕೊಂಡು ರೈಲ್ವೆಯವಳ ಹಾಗೆ.

ಬೆಳಗಿನ ಸುತ್ತುಗಳಲ್ಲಿ ರಫೀ ಪಕ್ಕಕ್ಕೆ ಕೂತಿದ್ದ, ಎರಡೂ ಅಂಗೈ ತೊಡೆಯ ಮೇಲೆ, ದೇವರ ಮುಂದೆ ಕೂತವನ ಹಾಗೆ, ನನಗೆ ಅದನ್ನು ನೋಡಿಯೇ ಅರ್ಧ ಧೈರ್ಯ ಬಂತು, ಬಾನೆಟ್ ನೋಡಬ್ಯಾಡ್ರಿ ಅಕ್ಕಾರ, ದೂರ ನೋಡ್ರಿ, ಕಣ್ಣು ಎಲ್ಲಿ ಹೊಕ್ಕೈತಿ ಗಾಡಿ ಅಲ್ಲೇ ಹೊಕ್ಕೈತಿ, ಮೊದಲು ಸಾವಕಾಶ, ಗಾಲಿ ಬಿಸಿ ಆಗ್ಲಿ, ಸೀದಾ ಇದ್ದಾಗ ಬ್ರೇಕ್ ಹೊಡೀರಿ, ಪೂರಾ ಹೊಡೀರಿ, ತುಳೀರಿ, ಹಾವು ತುಳದಂಗ ಅಂಜಬ್ಯಾಡ್ರಿ, ಈಗ ಬಿಡ್ರಿ, ಈಗ ತಿರುವ್ರಿ, ಹೊರಗಿಂದ ಒಳಗ, ಒಳಗಿಂದ ಹೊರಗ, ಮತ್ತ ಯಾಕ ಹಾರ್ನ್ ಹೊಡದ್ರಿ? ಹೊಡೆದಿದ್ದು ನನಗೆ ಗೊತ್ತೇ ಇರಲಿಲ್ಲ. ತಿರುವಿನ್ಯಾಗ ಎದುರ ಯಾರರ ಬಂದ್ರ ಅಂತ್ರಿ. ಇಲ್ಲಿ ಎದುರ ಯಾರೂ ಬರಂಗಿಲ್ಲ ಅಕ್ಕಾರ, ಎಲ್ಲಾರೂ ಒಂದ ದಿಕ್ಕಿಗೆ ಹೋಗೋರು. ಹೌದಲ್ಲ, ಎದುರಿಗೆ ಯಾರೂ ಬಾರದ ರಸ್ತೆ, ಎಷ್ಟು ವರ್ಷವಾಯಿತು ಗಾಡಿ ಹೊಡೆಯಲು ಹತ್ತಿ, ಲಾರಿ, ಕುರಿ, ಕಬ್ಬಿನ ಟ್ರಾಲಿ, ಕುಡಿದವರ ಬೈಕು, ಎದುರಿಗೆ ಏನಿದೆಯೋ ಅಂತ ಹೊಟ್ಟೆಯನ್ನು ಹಿಡಿಯಷ್ಟು ಮಾಡಿಕೊಂಡೇ ಹೊಡೆದಿದ್ದೇನೆ, ಆ ಮುಷ್ಟಿ ಸಂಪಿಗೆ ಬೀದಿಯ ತಿರುವಿನಲ್ಲಿ ಒಮ್ಮೆಲೆ ಬಿಚ್ಚಿಕೊಂಡಿತು, ಈ ನನ್ನ ಎಮ್ಮೆವಾಸನೆಯ ಕಾರು, ದಿನಾ ಮೂರನೇ ಗೇರಿನಲ್ಲಿ ನರಳುವ ಕಾರು, ಬಾಲ ಎತ್ತಿದ ಹೋರಿಗರುವಿನ ಹಾಗೆ ಓಡಿತು, ನಾನು ಕೂಗಿದೆನಂತೆ, ಮತ್ತ ಹಾರ್ನ್ ಹೊಡದ್ರಿ ನೋಡ್ರಿ ಅಂದ ರಫೀ, ಇದು ಖುಷೀಗೆ ಹೊಡದ್ನಿ ಅಂದೆ, ಹಂಗಾರ ಮಾಫ್ ಅಂದ. ಕೊನೆಯ ಪಾಳಿ ಹೇಳುವಾಗ ಮಾತ್ರ ಅವನು ನನ್ನ ಕಡೆ ನೋಡಲಿಲ್ಲ, ಕಾರು ನೋಡಿಕೊಂಡೇ ಹೇಳಿದ, ದಿನಾ ಯಾರನ್ನ ಪಕ್ಕಕ್ಕ ಕುಂದ್ರಿಸ್ಕೋತೀರಿ ಅವರನ್ನ ಕುಂದ್ರಿಸ್ಕೊಳ್ರಿ, ಖಾಲಿ ಸೀಟಿನ್ಯಾಗ ಎಲ್ಲಾರೂ ಛಲೋ ಹೊಡೀತಾರ.

ಈಗ ಇವರು ಕೂತಿದ್ದಾರೆ. ಬೆಲ್ಟು ಎರಡು ಸಲ ಜಗ್ಗಿ ನೋಡಿದರು, ಚಪ್ಪಲಿ ಬಿಚ್ಚಿ ಹೊರಗಿಟ್ಟು ಬಂದಿದ್ದಾರೆ, ಯಾಕ್ರೀ ಅಂದರೆ ಸಡ್ಲ ಇರೋದು ಬ್ಯಾಡ ಅಂದ್ರಲ್ಲ ಅಂತಾರೆ, ನಗು ಬಂತು, ಆದರೆ ನಾನು ಬಲಗೈ ನೋಡುತ್ತಿದ್ದೆ, ಇವರ ಬಲಗೈ, ನನ್ನ ಕಡೆಗಿರುವ ಕೈ. ಸುಗ್ಗಿಯ ಆ ಸಂಜೆಯೂ ಅದು ಹೀಗೇ ಸುಮ್ಮನೆ ತೊಡೆಯ ಮೇಲಿತ್ತು, ಎಡಗೈಯಲ್ಲಿ ಚುರುಮುರಿ ಪೊಟ್ಟಣ, ಮುಂದೆ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರು, ಮೆಕ್ಕೆಜೋಳದ ದಂಟಿನ ಸೊಪ್ಪಿ ಹೇರಿಕೊಂಡು ರಸ್ತೆಗಿಂತ ಅಗಲವಾಗಿ, ನಾನು ನೋಡಿದ್ದೆ, ನಾನು ಮೊದಲೇ ನೋಡಿದ್ದೆ, ಕಾಲು ಬ್ರೇಕಿನ ಮೇಲಿತ್ತು, ಗಾಡಿ ನಿಲ್ಲುತ್ತಿತ್ತು — ಎಡಗಡೆಯಿಂದ ಒಂದು ಕೈ ಬಂತು, ಸ್ಟೇರಿಂಗು ಜಗ್ಗಿತು, ಆಮೇಲೆ ತಗ್ಗು, ಜಾಲಿ, ಗಾಜಿನ ತುಂಬಾ ಮುಳ್ಳು, ಕಾರಿನ ತುಂಬಾ ಚುರುಮುರಿ, ಯಾರಿಗೂ ಏನೂ ಆಗಲಿಲ್ಲ, ಜನ ಓಡಿ ಬಂದರು, ಏನಾತ್ರಿ, ಇವರು ಅಂದರು, ಆಕಿ ಗಾಬರ್ಯಾಗಿ ತಿರುವಿಬಿಟ್ಲು. ಮನೆಯಲ್ಲೂ ಅದೇ, ಅಂಚೆ ಕಚೇರಿಯಲ್ಲಿ ತಮ್ಮ ಜೊತೆಯವರಿಗೂ ಅದೇ, ಬೇವೂರಿನ ಮಾವನಿಗೆ ಫೋನಿನಲ್ಲೂ ಅದೇ. ನೀವು ಕೈ ಹಾಕಿದ್ರಿ ಅಂದೆ ಒಂದು ದಿನ, ಇವರು ನನ್ನ ಮುಖ ನೋಡಿದರು, ನಾನಾ? ನನ್ನ ಕೈಯಾಗ ಚುರುಮುರಿ ಇತ್ತಲ್ಲ ಯಮನೂರಿ, ಅಂದರು, ಸುಳ್ಳಾಡುವವರ ಮುಖವಲ್ಲ ಅದು, ಸುಳ್ಳಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ, ಇವರಿಗೆ ನಿಜಕ್ಕೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಗೆ ಒಪ್ಪಿಸುವುದು, ಎಷ್ಟೋ ಸಲ ನನ್ನ ಮೇಲೆ ನನಗೇ ಅನುಮಾನ ಬಂತು, ನಾನೇ ತಿರುವಿದೆನೇನೋ, ಕೈ ನೋಡಿದ್ದು ಬರೀ ಭ್ರಮೆಯೇನೋ.

ಆಮೇಲೊಮ್ಮೆ ಬೇವೂರಿಗೆ ಹೋದಾಗ ಬಂಡಿಯಲ್ಲಿ ಕೂತು ಹೊಲಕ್ಕೆ ಹೋದೆವು, ವಿರುಪಣ್ಣ ಮಾವ ಮುಂದೆ, ಇವರು ಪಕ್ಕಕ್ಕೆ, ನಾನು ಹಿಂದೆ ಬುತ್ತಿಗಂಟು ಹಿಡಿದು, ಅಪ್ಪ ಮಗ ಯಾರದೋ ಮದುವೆಯ ಮಾತಾಡುತ್ತಿದ್ದರು, ಹೆಣ್ಣಿನ ಕಡೆಯವರು ಊಟಕ್ಕ ಸಜ್ಜಕ ಮಾಡ್ಯಾರ, ಬರೀ ಸಜ್ಜಕನ, ಹೋಳಿಗಿ ಇಲ್ಲೇನು, ದಾರಿಯಲ್ಲಿ ಕಲ್ಲು ಬಂತು, ಮಾವ ಮಾತಿನಲ್ಲಿದ್ದ, ಇವರ ಕೈ ಹೋಗಿ ಹಗ್ಗ ಜಗ್ಗಿತು, ಎತ್ತು ಸರಿದವು, ಹೋಳಿಗಿ ಇಲ್ಲಂತ ನೋಡು, ಮಾತು ಎಲ್ಲಿಯೂ ನಿಲ್ಲಲಿಲ್ಲ, ಮುಂದೆ ತಗ್ಗು ಬಂದಾಗ ಹಗ್ಗ ಇವರ ಕೈಯಲ್ಲೇ ಇತ್ತು, ಮಾವನ ಕೈ ಬಂದು ಜಗ್ಗಿತು, ಯಾರೂ ಯಾರನ್ನೂ ಯಾಕ ಜಗ್ಗಿದಿ ಅನ್ನಲಿಲ್ಲ, ಯಾರ ಕಣ್ಣಿಗೆ ಮೊದಲು ಬಿತ್ತೋ ಅವರ ಕೈ ಹೋಗುತ್ತದೆ, ಅಷ್ಟೇ, ಅಲ್ಲಿ ಹಗ್ಗಕ್ಕೆ ಒಬ್ಬ ಮಾಲೀಕ ಇಲ್ಲ. ನಾನು ಬುತ್ತಿಗಂಟು ಗಟ್ಟಿ ಹಿಡಿದುಕೊಂಡೆ. ಹೇಳಲಿಲ್ಲ. ಏನಂತ ಹೇಳಲಿ, ಇವರು ಹುಟ್ಟಿದಾಗಿನಿಂದ ಆ ಬಂಡಿಯಿಂದ ಇಳಿದೇ ಇಲ್ಲ ಅಂತಲಾ.

ಹಸಿರು ಬಟ್ಟೆ. ಹೋಗು. ಒಂದು, ಎರಡು, ಮಲ್ಲಿಗೆ ಬೀದಿ ಉದ್ದಕ್ಕೂ ಖಾಲಿ, ಎಂಜಿನ್ನು ಕೂಗುತ್ತಿದೆ, ಇವರು ಸಾವಕಾಶ ಅಂದರು, ಸಾವಕಾಶ ಯಮನೂರಿ, ಮದುವೆಯಾದಾಗಿನಿಂದ ಇವರು ನನಗೆ ಹೆಚ್ಚು ಸಲ ಅಂದ ಮಾತು ಅದೇ ಇರಬೇಕು, ದೂರ ನೋಡು, ತಿರುವಿನಾಚೆ ನೋಡು, ತುಳಿ, ತುಳಿದೆ, ಬೆಲ್ಟು ಎದೆಗೆ ಬಿಗಿಯಿತು, ಇವರು ಯವ್ವಾ ಅಂದರು, ಬಿಡು, ತಿರುವು, ಬಂತು, ಬಂತು, ಒಳಗೆ ತಾಗಿ ಹೊರಗೆ ಬಂತು ಗಾಡಿ, ಕೈ? ಕೈ ತೊಡೆಯ ಮೇಲೇ ಇದೆ, ಲುಂಗಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಾರೆ, ಬೆರಳು ಬಿಳಿಯಾಗಿವೆ, ಇನ್ನೊಂದು ತಿರುವು, ಇನ್ನೊಂದು ಸುತ್ತು, ಕೈ ಬರಲಿಲ್ಲ, ಬರುವುದೇ ಇಲ್ಲ, ಛಲೋ ಹೊಡಿಯಾಕತ್ತಿ ಅಂದರು ಇವರು, ಮೆಲ್ಲಗೆ, ಕಿಟಕಿಯ ಕಡೆ ಮುಖ ಮಾಡಿ, ಛಲೋ ಹೊಡಿಯಾಕತ್ತೀಯಲ್ಲ, ನಾನು ಏನನ್ನಲಿ, ಹೂಂ ಅಂದೆ, ಕೀಲಿ ನನ್ನದು, ಆದರೆ ಆ ಸಂಜೆ? ಆ ಸಂಜೆ ಹಾಗೇ ಉಳಿಯಿತಲ್ಲ, ಇನ್ನು ಮುಂದೆ ಎಲ್ಲರೂ ಆಕಿ ಈಗ ಕಲತ್ಲು ಅನ್ನುತ್ತಾರೆ, ಮೊದ್ಲ ಗಾಬರ್ಯಾಕ್ಕಿದ್ಲು, ಈಗ ಸುಧಾರಿಸ್ಯಾಳ — ತಸ್ಲೀಮಾ ಕೈ ಇಳಿಸಿದಳು, ಸಾಕು, ಕೊನೆಯ ಸುತ್ತು ನಿಧಾನ, ಬ್ರೇಕು ತಣ್ಣಗಾಗಲಿ, ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಜಗ್ಗಬ್ಯಾಡ್ರಿ, ಬಿಸಿಗೆ ಹಿಡ್ಕೊಂಡ ಕುಂದರ್ತೈತಿ ಅಂದಿದ್ದ ರಫೀ, ಸರಿ, ಎತ್ತಿನ ನಡಿಗೆಯಲ್ಲಿ ಬರುತ್ತಿದ್ದೇನೆ, ಗಾಳಿ ಬಂತು, ಇವರು ಏನೋ ಹೇಳುತ್ತಿದ್ದಾರೆ, ಜಿಲಾನಸಾಬಗ ಬ್ಯಾಡ ಅಂತ ಫೋನ್ ಹಚ್ತೀನಿ, ಅಂವ ಬೇಜಾರ ಮಾಡ್ಕೊಳ್ಳಂಗಿಲ್ಲ, ಜಾಲಿಯೊಳಗಿಂದ ಒಂದು ಕೌಜುಗ ಹಕ್ಕಿ ಓಡಿ ಬಂತು, ಹಿಂದೆ ಮರಿಗಳು, ಗುಂಡುಗುಂಡಗೆ, ರಸ್ತೆ ದಾಟುತ್ತಿವೆ, ನೋಡಿದೆ, ಕಾಲು ಬ್ರೇಕಿಗೆ ಹೋಯಿತು, ಗಾಡಿ ನಿಲ್ಲುತ್ತಿದೆ, ಅಂವಗ ಬ್ಯಾರೆ ಬಾಡಿಗಿ ಅದಾವ ಅನ್ನುತ್ತಲೇ ಇದ್ದಾರೆ ಇವರು, ಮಾತು ಎಲ್ಲಿಯೂ ನಿಲ್ಲಲಿಲ್ಲ, ಕೈ ಬಂತು.

ಸ್ಟೇರಿಂಗು ಎಡಕ್ಕೆ ಹೋಯಿತು, ದಾರಿಯ ಅಂಚಿಗೆ ಇಟ್ಟಿದ್ದ ಕೆಂಪು ಡಬ್ಬಿಗಳ ಸಾಲು ಒಂದೊಂದೇ ಬಿತ್ತು, ಒಂದು ಬಂಪರಿನ ಕೆಳಗೆ ಕರಕರ ಅಂದಿತು, ನಿಂತೆವು, ಕೌಜುಗ ಮರಿಗಳನ್ನು ಕರೆದುಕೊಂಡು ಆಚೆ ಹೋಗಿದೆ, ಎಲ್ಲಾ ಇವೆ. ರಫೀ ಓಡಿ ಬರುತ್ತಿದ್ದಾನೆ, ಏನಾತ್ರಿ ಅಕ್ಕಾರ, ಛಲೋ ಬರಾಕತ್ತಿದ್ರಲ್ಲ, ಯಾಕ ತಿರು — ಕಿಟಕಿಗೆ ಬಾಗಿದ, ಅಲ್ಲೇ ನಿಂತ, ತಸ್ಲೀಮಾ ಬಂದಳು, ಅವಳೂ ನೋಡಿದಳು, ರಸ್ತೆ ಇಳಿಜಾರು, ನನ್ನ ಕಾಲು ಬ್ರೇಕಿನ ಮೇಲೇ ಇದೆ, ತೆಗೆಯುವ ಹಾಗಿಲ್ಲ, ಹೇಳಲೇ, ನೋಡ್ರಿ ಅನ್ನಲೇ, ಆವತ್ತೂ ಹಿಂಗ ಅನ್ನಲೇ, ಇವರ ಮುಖ ನೋಡಿದೆ, ಇವರು ನನ್ನನ್ನು ನೋಡುತ್ತಿಲ್ಲ, ರಫೀಯನ್ನೂ ನೋಡುತ್ತಿಲ್ಲ, ಬಗ್ಗಿ ತಮ್ಮ ಕೈಯನ್ನೇ ನೋಡುತ್ತಿದ್ದಾರೆ, ಯಾರೋ ತಂದಿಟ್ಟು ಹೋದ ವಸ್ತುವಿನ ಹಾಗೆ, ತುಟಿ ಅಲ್ಲಾಡಿತು, ಆವತ್ತೂ, ಅಂದರು, ಆವತ್ತೂ ನಾನ ಏನು, ಕೇಳಿದ್ದು ನನ್ನನ್ನಲ್ಲ, ಅದನ್ನೇ ಕೇಳಿದರು, ಹೆಬ್ಬೆರಳಿಗೆ ಅಂಚೆ ಶಿಕ್ಕಾದ ನೀಲಿ ಶಾಯಿ, ಬೆರಳ ಗೆಣ್ಣಿನ ಮೇಲೆ ಬಿಳಿಯ ಕೂದಲು, ನನ್ನ ಎರಡು ಕೈಗಳ ನಡುವೆ, ಸ್ಟೇರಿಂಗನ್ನು ಹಗ್ಗದ ಹಾಗೆ ಜಗ್ಗಿ ಹಿಡಿದ ಕೈ, ಬಿಡ್ರಿ ಅಂತ ಯಾರೂ ಅನ್ನುತ್ತಿಲ್ಲ, ಅದೂ ಬಿಡುತ್ತಿಲ್ಲ, ಆ ಕೈ, ಇನ್ನೂ ಜಗ್ಗುತ್ತಲೇ ಇರುವ ಆ ಕೈ