ಬೆಲೆ ಬರೆದ ಕನ್ನಡಿ

ಶನಿವಾರ ಬಂತೆಂದರೆ ಕೊಂಡೆಲೆಯ ಬಸ್ ನಿಲ್ದಾಣದ ಎದುರಿಗಿದ್ದ ಅಪೊಂಡಿಯ ಸಲೂನಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೂರು ಕುರ್ಚಿ, ಒಂದು ಬೆಂಚು, ಆಳೆತ್ತರದ ಎರಡು ಕನ್ನಡಿ, ಇಷ್ಟರ ನಡುವೆ ಹತ್ತು ಹನ್ನೆರಡು ಹೆಂಗಸರು. ಸಣ್ಣ ಜಡೆಗಳನ್ನು ಹೆಣೆಸಿಕೊಳ್ಳಲು ಕೂತವಳು ಐದಾರು ತಾಸು ಏಳುವಂತಿಲ್ಲ. ತಲೆ ಅಪೊಂಡಿಯ ಕೈಯಲ್ಲಿ, ಫೋನು ತನ್ನ ಕೈಯಲ್ಲಿ. ಅಷ್ಟು ಹೊತ್ತು ಫೋನು ಹಿಡಿದು ಕೂತ ಹೆಂಗಸು ಏನಾದರೊಂದು ಕೊಂಡೇ ಏಳುತ್ತಾಳೆ ಎಂಬುದನ್ನು ಅಪೊಂಡಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಗಿಲ ಮೇಲಿನ ಹಸಿರು ಬೋರ್ಡು ಬಂದದ್ದೇ ಆ ಕಾರಣಕ್ಕೆ. ಆನ್‌ಲೈನ್ ಅಂಗಡಿಯ ಕಂಪನಿಯೊಂದು ಅದನ್ನು ಹಾಕಿಸಿತ್ತು. ಸುತ್ತಲಿನ ಜನ ಫೋನಿನಲ್ಲಿ ಕೊಂಡದ್ದೆಲ್ಲ ಈ ಸಲೂನಿಗೆ ಬಂದು ಇಳಿಯುತ್ತಿತ್ತು, ಅವರು ಇಲ್ಲಿಂದ ಒಯ್ಯುತ್ತಿದ್ದರು. ಒಂದು ಪಾರ್ಸಲಿಗೆ ಅಪೊಂಡಿಗೆ ಮೂವತ್ತು ಶಿಲಿಂಗ್, ದೊಡ್ಡ ಸಾಮಾನಾದರೆ ಇನ್ನೂರು. ಅಂಗಡಿ ಬಾಡಿಗೆಯ ಅರ್ಧ ಭಾಗ ಆ ಬೋರ್ಡಿನಿಂದಲೇ ಹುಟ್ಟುತ್ತಿತ್ತು. ಹೀಗಾಗಿ ಅವಳು ಜಡೆ ಹೆಣೆಯುತ್ತ ಹೆಣೆಯುತ್ತ ಗಿರಾಕಿಗಳ ಕಿವಿಯಲ್ಲೂ ಊದುತ್ತಿದ್ದಳು.

"ತಗೊಂಡುಬಿಡೇ. ಅರ್ಧ ಬೆಲೆಗೆ ಬರ್ತಿದೆ. ನಾಳೆ ಅಯ್ಯೋ ಅಂದ್ರೆ ನನ್ನ ಕೇಳ್ಬೇಡ."

ಹೀಗೆ ಹೇಳುವಾಗ ಅವಳಿಗೆ ಮೋಸ ಮಾಡುವ ಉದ್ದೇಶವೇನೂ ಇರಲಿಲ್ಲ. ಕೆಂಪು ಅಕ್ಷರದಲ್ಲಿ ಹಳೆಯ ಬೆಲೆಗೆ ಗೀಟು ಎಳೆದು ಕೆಳಗೆ ಹೊಸ ಬೆಲೆ ಬರೆದಿದ್ದರೆ, ಅದು ನಿಜವೆಂದೇ ಅವಳೂ ನಂಬಿದ್ದಳು.

ಆ ಶನಿವಾರ ಕೈಗಾಡಿಯ ಮೇಲೆ ಒಂದು ಫ್ರೀಜರ್ ಬಂತು. ಅವಿನೋಳದು. ರಸ್ತೆಯ ಆಚೆ ಬದಿಯಲ್ಲಿ ಇಪ್ಪತ್ತು ವರ್ಷದಿಂದ ಮೀನು ಹುರಿದು ಮಾರುವ ಅವಿನೋ, ಸಂಜೆ ಉಳಿದ ಹಸಿಮೀನು ಬೆಳಗಾಗುವಷ್ಟರಲ್ಲಿ ಕೆಟ್ಟು ಹೋಗುವುದನ್ನು ನೋಡಿ ನೋಡಿ, ಹೊಟ್ಟೆ ಬಟ್ಟೆ ಕಟ್ಟಿ ಹಣ ಕೂಡಿಸಿದ್ದಳು. ಎಣ್ಣೆ ಮೆತ್ತಿದ ಕೈಯನ್ನು ಸೊಂಟಕ್ಕೆ ಸುತ್ತಿದ ಲುಂಗಿಗೆ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದಳು. ಫ್ರೀಜರಿನ ಬೆನ್ನು ತಟ್ಟಿದಳು. ಅವಳ ಮುಖ ನೋಡಿ ಸಲೂನಿನಲ್ಲಿ ಎಲ್ಲರಿಗೂ ಖುಷಿಯಾಯಿತು.

ಫ್ರೀಜರಿನ ಜೊತೆಗೆ ಒಂದು ಚಿಕ್ಕ ಪೆಟ್ಟಿಗೆಯೂ ಬಂದಿತ್ತು. ಟೋಸ್ಟರ್. ಫ್ರೀಜರಿಗೆ ಹಣ ಕಟ್ಟಿದ ದಿನ ಸಾವಿರದ ಐನೂರು ಶಿಲಿಂಗ್ ಕ್ಯಾಶ್‌ಬ್ಯಾಕ್ ಎಂದು ಫೋನಿಗೆ ಬಂತು. ಆದರೆ ಅದನ್ನು ಕೈಗೆ ತೆಗೆದುಕೊಳ್ಳುವಂತಿರಲಿಲ್ಲ. ಹತ್ತು ದಿನದೊಳಗೆ, ಅದೇ ಅಂಗಡಿಯಲ್ಲಿ, ಅವರು ತೋರಿಸಿದ ಸಾಮಾನನ್ನೇ ಕೊಳ್ಳಬೇಕು. "ಬಿಟ್ರೆ ಹಾಳಾಗುತ್ತೆ ಅಕ್ಕ" ಎಂದು ಅಪೊಂಡಿಯೇ ಅವಿನೋಳ ಫೋನು ಇಸಿದುಕೊಂಡು, ಮೇಲೆ ಏಳುನೂರು ಸೇರಿಸಿ ಟೋಸ್ಟರ್ ತರಿಸಿದ್ದಳು.

ಕುರ್ಚಿಯಲ್ಲಿ ಹೈಸ್ಕೂಲಿನ ಟೀಚರ್ ಕ್ವಿಂಟರ್ ಕೂತಿದ್ದಳು. ಅರ್ಧ ತಲೆ ಹೆಣೆದಾಗಿತ್ತು. ಮಕ್ಕಳ ಅಂಕಪಟ್ಟಿ ಮುಗಿಸಲು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು.

"ಚೆನ್ನಾಗಿದೆ ಕಣಮ್ಮ ಫ್ರೀಜರ್. ನಮ್ಮಮ್ಮನಿಗೂ ಒಂದು ತಗೋಬೇಕು, ನೋಡ್ತೀನಿ ತಾಳಿ" ಎಂದು ಅವಳು ಅಂಗಡಿಯ ಪುಟ ತೆರೆದಳು. ಅದರ ಮೇಲೆ ಕಣ್ಣಾಡಿಸಿ ಅವಿನೋಳ ಕಡೆ ತಿರುಗಿದಳು. "ಇದನ್ನ ಎಷ್ಟಕ್ಕೆ ತಗೊಂಡ್ರಿ?"

"ಇಪ್ಪತ್ತೊಂದು ಸಾವಿರ. ಇಪ್ಪತ್ತೇಳರದ್ದು!" ಎಂದಳು ಅವಿನೋ, ಹೆಮ್ಮೆಯಿಂದ.

ಕ್ವಿಂಟರ್ ಹೇಳಲೋ ಬೇಡವೋ ಎಂದು ತುಟಿ ಕಚ್ಚಿದಳು. ಕೊನೆಗೆ ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಅವಳು ತನ್ನ ಬ್ರೌಸರಿಗೆ ಎಕ್ಸ್‌ಟೆನ್ಷನ್ ಎಂಬ ಒಂದು ಪುಟ್ಟ ತಂತ್ರಾಂಶ ಸೇರಿಸಿಕೊಂಡಿದ್ದಳು. ಯಾವ ಸಾಮಾನಿನ ಪುಟ ತೆರೆದರೂ ಅದರ ಮೂರು ತಿಂಗಳ ಬೆಲೆಯನ್ನು ಅದು ಒಂದು ಗೆರೆಯಾಗಿ ಬರೆದು ತೋರಿಸುತ್ತಿತ್ತು. ಫ್ರೀಜರಿನ ಗೆರೆ ಎರಡೂವರೆ ತಿಂಗಳು ಹದಿನೆಂಟೂವರೆ ಸಾವಿರದಲ್ಲಿ ನೆಟ್ಟಗೆ ಮಲಗಿತ್ತು. ಸೇಲ್ ಶುರುವಾಗುವ ಹಿಂದಿನ ದಿನ ಇಪ್ಪತ್ತೇಳಕ್ಕೆ ಹಾರಿ, ಮರುದಿನ ಇಪ್ಪತ್ತೊಂದಕ್ಕೆ ಇಳಿದಿತ್ತು.

"ಹಾಗಂದ್ರೆ?" ಎಂದಳು ಅವಿನೋ.

"ಹೋದ ತಿಂಗಳು ತಗೊಂಡಿದ್ರೆ ಹದಿನೆಂಟೂವರೆಗೆ ಸಿಗ್ತಿತ್ತು."

ಅವಿನೋ ನಿಧಾನವಾಗಿ ಅಪೊಂಡಿಯ ಕಡೆ ತಿರುಗಿದಳು. "ಹೋದ ತಿಂಗಳು ನಾನು ದುಡ್ಡು ಕೈಲಿ ಹಿಡ್ಕೊಂಡೇ ಬಂದಿದ್ದೆ. 'ತಾಳು ಅಕ್ಕ, ಸೇಲ್ ಬರುತ್ತೆ' ಅಂದೋಳು ಯಾರು?"

ಹೇಳಿದವಳು ಅಪೊಂಡಿಯೇ.

"ವಾಪಸ್ ಕಳಿಸೋಣ ಅಕ್ಕ."

"ಕಳಿಸಿದ್ರೆ ದುಡ್ಡು ಬರೋಕೆ ಮೂರು ವಾರ. ಅಲ್ಲೀವರೆಗೂ ಮೀನಿಗೆ 'ತಾಳು' ಅಂತ ನೀನು ಹೇಳ್ತೀಯಾ?" ಅವಿನೋ ಟೋಸ್ಟರಿನ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಕುಕ್ಕಿದಳು. "ಇದು ನೀನೇ ಇಟ್ಕೋ. ನಮ್ಮನೇಲಿ ಯಾವತ್ತಾದ್ರೂ ಬ್ರೆಡ್ ಮುಖ ನೋಡಿದ್ಯಾ? ಬರೀ ಮೂಗಿಗೆ ತುಪ್ಪ ಸವರೋರು. ಅವರಾದ್ರೂ ಯಾರೋ ಪರವೂರಿನೋರು. ನೀನು ಎದುರು ಅಂಗಡಿಯೋಳು."

ಕೈಗಾಡಿ ಫ್ರೀಜರ್ ಹೊತ್ತು ರಸ್ತೆ ದಾಟಿತು. ಪ್ರತಿ ಶನಿವಾರ ಮಧ್ಯಾಹ್ನ ಅವಿನೋ ಒಂದು ಹುರಿದ ಮೀನನ್ನು ಕಾಗದದಲ್ಲಿ ಸುತ್ತಿ ಸಲೂನಿಗೆ ಕಳಿಸುತ್ತಿದ್ದಳು. ಅಂದು ಮೀನು ಬರಲಿಲ್ಲ. ಆ ಫ್ರೀಜರ್ ಮತ್ತು ಟೋಸ್ಟರ್ ಬಂದಿದ್ದಕ್ಕೆ ತನಗೆ ಇನ್ನೂರ ಮೂವತ್ತು ಶಿಲಿಂಗ್ ಸೇರುತ್ತದೆ ಎಂಬುದು ಅಪೊಂಡಿಗೆ ನೆನಪಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಉಳಿದ ಹೆಂಗಸರು ಕ್ವಿಂಟರಳನ್ನು ಮುತ್ತಿಕೊಂಡಿದ್ದರು. "ಟೀಚರ್, ಆ ಗೆರೆ ನಮ್ಮ ಫೋನಿಗೂ ಹಾಕಿಕೊಡಿ."

"ಇದು ನಿಮ್ಮ ಫೋನಲ್ಲಿ ಕೂರಲ್ಲಮ್ಮ. ಲ್ಯಾಪ್‌ಟಾಪಲ್ಲೇ ಆಗಬೇಕು."

"ಸರಿಹೋಯ್ತು!" ಎಂದಳು ಅಪೊಂಡಿಯ ಜೊತೆ ಕೆಲಸ ಮಾಡುವ ಬೆರಿಲ್. "ಉಳಿಸೋಕೆ ದಾರಿ ಇರೋದು ಲ್ಯಾಪ್‌ಟಾಪ್ ಇರೋರಿಗೆ. ಟೋಪಿ ಹಾಕಿಸ್ಕೊಳ್ಳೋಕೆ ನಮ್ಮ ಫೋನು ಸಾಕು."

ಹೆಂಗಸರು ನಕ್ಕರು. ಅಪೊಂಡಿ ನಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಕಂಪನಿಯ ಮೇಲೆ ಎಷ್ಟೋ ಅದಕ್ಕಿಂತ ಹೆಚ್ಚು ತನ್ನ ಮೇಲೆ.

"ಟೀಚರ್, ಆ ಗೆರೆ ಮಾಡೋದೇನು? ದಿನಾ ಬೆಲೆ ಬರೆದಿಡೋದು ತಾನೇ?"

"ಅಷ್ಟೇ."

"ನಮಗೇನು ಕೈಯಿಲ್ವಾ?"

ಕ್ವಿಂಟರಳ ಚೀಲದಲ್ಲಿ ಶಾಲೆಯ ಬೋರ್ಡಿನ ಮೇಲೆ ಬರೆಯುವ ಮಾರ್ಕರ್ ಇತ್ತು. ಅಪೊಂಡಿ ಅದನ್ನು ಕೇಳಿ ಪಡೆದು, ಬಾಗಿಲ ಪಕ್ಕದ ಕನ್ನಡಿಯ ನೆತ್ತಿಯಲ್ಲಿ ದೊಡ್ಡದಾಗಿ ಬರೆದಳು: ಫ್ರೀಜರ್. ಅದರ ಮುಂದೆ ಹದಿನೆಂಟೂವರೆ, ಇಪ್ಪತ್ತೇಳು, ಇಪ್ಪತ್ತೊಂದು, ಮೂರಕ್ಕೂ ತಾರೀಖು. ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದವಳ ಭುಜ ತಟ್ಟಿದಳು. "ನೀನು ಏನು ತಗೋಬೇಕು ಅಂತಿದ್ದೀಯ? ಇವತ್ತಿನ ಬೆಲೆ ಹೇಳು."

"ಗ್ಯಾಸ್ ಒಲೆ. ನಾಲ್ಕು ಸಾವಿರದ ಇನ್ನೂರು."

"ಬರೀ. ಮುಂದಿನ ವಾರ ಬಂದಾಗ ಮತ್ತೆ ನೋಡಿ ಬರೀ."

ಹೀಗೆ ಶುರುವಾಯಿತು. ತಿಂಗಳೊಳಗೆ ಆ ಕನ್ನಡಿಯಲ್ಲಿ ಮುಖ ಕಾಣುವುದು ಕಷ್ಟವಾಯಿತು. ಒಲೆ, ಹಾಸಿಗೆ, ಶಾಲೆ ಬೂಟು, ಇಸ್ತ್ರಿಪೆಟ್ಟಿಗೆ, ಕೃತಕ ಕೂದಲು, ಎಲ್ಲದರ ಬೆಲೆ ತಾರೀಖಿನ ಸಮೇತ ಏರುತ್ತ ಇಳಿಯುತ್ತ ಇತ್ತು. ತಲೆ ಹೆಣೆಸಿಕೊಳ್ಳದವರೂ ಬಾಗಿಲಲ್ಲಿ ಕತ್ತು ಚಾಚಿ ನೋಡಿ ಹೋಗತೊಡಗಿದರು. ಒಬ್ಬಳು ಕ್ಯಾಶ್‌ಬ್ಯಾಕ್‌ಗೆ ಬೇರೆ ಸಾಲು ಮಾಡಿ, ಎಷ್ಟು ದಿನಕ್ಕೆ ಹಾಳಾಗುತ್ತದೆ ಎಂದೂ ಬರೆದಳು. ಐದು ಮನೆಯ ಸಾಮಾನನ್ನು ಒಂದೇ ಸಲ ತರಿಸಿ ಸಾಗಣೆ ಖರ್ಚು ಹಂಚಿಕೊಳ್ಳುವ ಉಪಾಯವೂ ಅಲ್ಲೇ ಹೊಳೆಯಿತು. ಕೊಳ್ಳುವವರು ಕೊಳ್ಳುತ್ತಲೇ ಇದ್ದರು, ಆದರೆ ಕಣ್ಣು ಬಿಟ್ಟುಕೊಂಡು ಕೊಳ್ಳುತ್ತಿದ್ದರು. ಪಾರ್ಸಲುಗಳು ಕಡಿಮೆಯಾದವು. ಅಪೊಂಡಿಯ ಮೂವತ್ತು ಶಿಲಿಂಗ್‌ಗಳೂ ಕಡಿಮೆಯಾದವು.

ಇಷ್ಟಾದರೂ ರಸ್ತೆಯಾಚೆಯಿಂದ ಮೀನು ಬರಲಿಲ್ಲ. ಅವಿನೋ ಬಾಣಲೆಯಿಂದ ತಲೆ ಎತ್ತುತ್ತಲೂ ಇರಲಿಲ್ಲ.

ನವೆಂಬರಿನ ದೊಡ್ಡ ಸೇಲಿಗೆ ಒಂದು ವಾರವಿದ್ದಾಗ ಕಂಪನಿಯ ಮೇಲ್ವಿಚಾರಕ ಒಗುಟು ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಮೊದಲು ಅವನ ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿನ ಟೋಸ್ಟರ್. ಅದರ ಎರಡು ಸೀಳುಗಳಲ್ಲಿ ಬಾಚಣಿಗೆಗಳು ಸಾಲಾಗಿ ನಿಂತಿದ್ದವು.

"ಇದು ನಮ್ಮದಲ್ವಾ?"

"ನಿಮ್ಮದೇ ಸಾರ್. ಬಾಚಣಿಗೆ ಇಡೋಕೆ ಬಹಳ ಚೆನ್ನಾಗಿದೆ" ಎಂದಳು ಅಪೊಂಡಿ, ಕೈಯಲ್ಲಿನ ಜಡೆ ಬಿಡದೆ.

ಒಗುಟು ನಗಲು ಪ್ರಯತ್ನಿಸಿದ. ನಂತರ ಕನ್ನಡಿಯ ಮುಂದೆ ನಿಂತು ಮೇಲಿಂದ ಕೆಳಗಿನವರೆಗೂ ಓದಿದ. "ಅಪೊಂಡಿಯವರೇ, ಇದನ್ನ ಒರೆಸಿಬಿಡಿ. ಮೇಲಿನವರಿಗೆ ಯಾರೋ ಫೋಟೋ ಕಳಿಸಿದ್ದಾರೆ."

"ಯಾಕೆ ಒರೆಸಬೇಕು?"

"ನೋಡಿ, ಬೆಲೆ ಇಡೋದು ಮಾರೋರು, ನಾವಲ್ಲ. ಡಾಲರ್ ಏರುತ್ತೆ, ಹಡಗಿನ ಬಾಡಿಗೆ ಏರುತ್ತೆ. ಅದೆಲ್ಲ ಗೊತ್ತಿಲ್ದೆ ಇಲ್ಲಿ ಬರೆದ್ರೆ ಜನ ತಪ್ಪು ತಿಳ್ಕೋತಾರೆ."

"ಡಾಲರ್ ಸೇಲಿನ ಹಿಂದಿನ ದಿನಾನೇ ನೋಡ್ಕೊಂಡು ಏರುತ್ತಾ ಸಾರ್?" ಎಂದಳು ಬೆರಿಲ್. ಬೆಂಚಿನವರು ಗೊಳ್ಳೆಂದರು.

ಒಗುಟು ದನಿ ತಗ್ಗಿಸಿದ. "ನಿಮಗೆ ನನ್ನ ಕಷ್ಟ ಗೊತ್ತಿಲ್ಲ. ನಿಮ್ಮ ಸಲೂನಿನಂಥ ಹನ್ನೆರಡು ಸೆಂಟರ್ ನನ್ನ ತಲೆ ಮೇಲಿವೆ. ಈ ಸೇಲಲ್ಲಿ ಇಷ್ಟು ಪಾರ್ಸಲ್ ಅಂತ ಲೆಕ್ಕ ಕೊಟ್ಟಿದ್ದಾರೆ. ಆಗಲಿಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ. ನನಗೂ ಹೆಂಡತಿ ಮಕ್ಕಳಿದ್ದಾರೆ. ನಾನು ಜಗಳಕ್ಕೆ ಬಂದಿಲ್ಲ. ಪಾರ್ಸಲಿಗೆ ಮೂವತ್ತರ ಬದಲು ಐವತ್ತು ಕೊಡಿಸ್ತೀನಿ. ಕನ್ನಡಿ ಒರೆಸಿ. ಇಲ್ಲಾಂದ್ರೆ ಬೋರ್ಡ್ ತೆಗೀಬೇಕಾಗುತ್ತೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಪೊಂಡಿಗೂ ಅದು ತಿಳಿಯಿತು. ಅರ್ಧ ಬಾಡಿಗೆ ಅವಳ ಕಣ್ಣ ಮುಂದೆ ಬಂತು. ಪಾರ್ಸಲಿಗೆ ಐವತ್ತು ಶಿಲಿಂಗ್ ಬಂದರೆ ಬಾಡಿಗೆಯ ಮುಕ್ಕಾಲು ಪಾಲು ಹುಟ್ಟುತ್ತದೆ. ಒಂದು ಒದ್ದೆ ಬಟ್ಟೆ ಸಾಕು, ಎರಡು ನಿಮಿಷದ ಕೆಲಸ. ಅವಳು ಬಾಗಿಲಾಚೆ ನೋಡಿದಳು. ಅವಿನೋ ಬಾಣಲೆಯ ಮುಂದೆ ನಿಂತಿದ್ದಳು. ಇಂದು ಮಾತ್ರ ತಲೆ ಎತ್ತಿ ಇತ್ತಲೇ ನೋಡುತ್ತಿದ್ದಳು.

ಅಪೊಂಡಿ ಮಾರ್ಕರ್ ತೆಗೆದು ಒಗುಟುವಿನ ಮುಂದೆ ಹಿಡಿದಳು. "ಒಂದು ಕೆಲಸ ಮಾಡಿ ಸಾರ್. ಇಲ್ಲಿ ಒಂದೇ ಒಂದು ಬೆಲೆ ತಪ್ಪಿದ್ರೂ ನೀವೇ ತಿದ್ದಿ. ಒಂದು ತಪ್ಪು ಸಿಕ್ರೆ ಸಾಕು, ಪೂರ್ತಿ ಕನ್ನಡಿ ನಾನೇ ಒರೆಸ್ತೀನಿ."

ಒಗುಟು ಮಾರ್ಕರ್ ತೆಗೆದುಕೊಳ್ಳಲಿಲ್ಲ. ನೆಲ ನೋಡುತ್ತ ಹೇಳಿದ, "ತಪ್ಪಿದೆ ಅಂತ ನಾನು ಹೇಳ್ಲಿಲ್ಲ."

"ಹಾಗಾದ್ರೆ ಸರಿಯಾಗಿದೆ ಅನ್ನೋದಕ್ಕೆ ಒರೆಸು ಅಂತೀರಿ."

"ಬೋರ್ಡ್ ಬಿಚ್ಚೋರನ್ನ ಸೋಮವಾರ ಕಳಿಸ್ತೀನಿ" ಎಂದು ಒಗುಟು ಬಾಗಿಲ ಕಡೆ ತಿರುಗಿದ.

"ಸೋಮವಾರ ಯಾಕೆ? ಇಷ್ಟು ದೂರ ಬಂದಿದ್ದೀರಿ, ಬರಿಗೈಲಿ ಕಳಿಸೋದು ನಮ್ಮ ಪದ್ಧತಿ ಅಲ್ಲ."

ಅಪೊಂಡಿ ಕುರ್ಚಿಯೊಂದನ್ನು ಬಾಗಿಲಿಗೆ ಎಳೆದು ಹತ್ತಿ ನಿಂತಳು. ಬೆರಿಲ್ ಕುರ್ಚಿ ಹಿಡಿದುಕೊಂಡಳು. "ಅಕ್ಕ, ಬಾಡಿಗೆ?" ಎಂದು ಮೆಲ್ಲಗೆ ಕೇಳಿದಳು.

"ಕೈ ಎರಡೂ ಇವೆಯಲ್ಲ. ಇನ್ನೆರಡು ತಲೆ ಹೆಚ್ಚಿಗೆ ಹೆಣೆಯೋಣ." ಅಪೊಂಡಿ ಕತ್ತರಿಯ ತುದಿಯಿಂದಲೇ ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡು ಇಳಿಸಿದಳು, ಅದರ ಮೇಲಿನ ಧೂಳು ಒರೆಸಿ ಒಗುಟುವಿನ ಕೈಗೆ ಕೊಟ್ಟಳು.

"ಬೋರ್ಡ್ ನಿಮ್ಮದು. ಸ್ಕ್ರೂ ನನ್ನವು, ನಾನೇ ಕೊಂಡಿದ್ದು."

ಒಗುಟು ಬೋರ್ಡನ್ನು ಕಂಕುಳಲ್ಲಿ ಅವಚಿಕೊಂಡು ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತ. ಹೊರಡುವ ಮುನ್ನ ಅವನು ಕನ್ನಡಿಯ ಕಡೆ ಇನ್ನೊಂದು ಸಲ ನೋಡಿದ. ತಾನೂ ಒಂದು ಕೊಳ್ಳಲಿರುವವನಂತೆ, ಹಾಸಿಗೆಯ ಬೆಲೆಗಳ ಸಾಲನ್ನು ಅವನ ತುಟಿ ಸದ್ದಿಲ್ಲದೆ ಓದುತ್ತಿದ್ದುದನ್ನು ಬೆರಿಲ್ ಕಂಡಳು.

ಬೋರ್ಡು ಹೋದ ಜಾಗದಲ್ಲಿ ಬಣ್ಣ ಮಾಸದ ಗೋಡೆ ಚೌಕವಾಗಿ ಕಾಣುತ್ತಿತ್ತು. ಅಪೊಂಡಿ ಒಳಗೆ ಬಂದು ಬೆಲೆ ಬರೆದ ಕನ್ನಡಿಯ ಒಂದು ತುದಿ ಹಿಡಿದಳು.

"ಎತ್ತಿ ಎಲ್ಲಾರೂ. ಒಳಗಿದ್ರೆ ತಲೆ ಹೆಣೆಸ್ಕೊಳ್ಳೋರಿಗೆ ಮಾತ್ರ ಕಾಣುತ್ತೆ."

ಅರ್ಧ ಜಡೆಯವಳು, ಪೂರ್ತಿ ಜಡೆಯವಳು, ಇನ್ನೂ ಬಾಚದವಳು, ಎಲ್ಲರೂ ಕೈ ಕೊಟ್ಟರು. ಬಾಗಿಲ ಪಕ್ಕದ ಹೊರಗೋಡೆಗೆ, ರಸ್ತೆಯ ಕಡೆಗೆ ಮುಖ ಮಾಡಿ, ಅದೇ ನಾಲ್ಕು ಸ್ಕ್ರೂಗಳಿಂದ ಕನ್ನಡಿಯನ್ನು ಬಿಗಿದರು. ಬಸ್ಸಿಗೆ ಕಾಯುತ್ತಿದ್ದ ಜನ ಮೊದಲು ತಮ್ಮ ಮುಖ ನೋಡಿಕೊಳ್ಳಲು ಬಂದರು, ಬಂದವರು ಬೆಲೆ ಓದುತ್ತ ನಿಂತರು.

ಆಗ ಗುಂಪನ್ನು ಸರಿಸಿಕೊಂಡು ಅವಿನೋ ಬಂದಳು. ಅಪೊಂಡಿಯ ಮುಖ ನೋಡದೆ ಕೈ ಚಾಚಿದಳು. "ಕೊಡಿಲ್ಲಿ ಆ ಪೆನ್ನು."

ಕನ್ನಡಿಯ ಕೆಳತುದಿಯಲ್ಲಿ ಉಳಿದಿದ್ದ ಅಂಗೈಯಗಲ ಜಾಗಕ್ಕೆ ಬಗ್ಗಿ, ಎಣ್ಣೆಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು. ಹುರಿದ ಮೀನು. ನಿನ್ನೆ ಇನ್ನೂರೈವತ್ತು. ಇವತ್ತು ಇನ್ನೂರೈವತ್ತು. ಕ್ಯಾಶ್‌ಬ್ಯಾಕ್ ಇಲ್ಲ.

ಬರೆದು ನೆಟ್ಟಗಾಗಿ, ಲುಂಗಿಯ ಮಡಿಲಿನಿಂದ ಕಾಗದದ ಪೊಟ್ಟಣ ತೆಗೆದು ಅಪೊಂಡಿಯ ಕೈಯಲ್ಲಿಟ್ಟಳು. ಅದು ಇನ್ನೂ ಬಿಸಿಯಾಗಿತ್ತು.

"ತಿನ್ನು" ಎಂದಳು. "ಆರಿದ್ರೆ ಚೆನ್ನಾಗಿರಲ್ಲ."