ಕಸ್ತೂರಿ ಬರೆದ ನಾಲ್ಕು ಗಣ

ಗೋಕಾಕದ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದ ಖಲೀಲ ಸರ್‌ಗೆ ತಮ್ಮ ಮಾತಿನ ಚುರುಕಿನ ಬಗ್ಗೆ ಭಾರೀ ಹೆಮ್ಮೆ. ಕೊನೆಗೆ ಆ ನಾಲಿಗೆಯೇ ಅವರ ಮಾನ ತೆಗೆಯಿತು.

ಕಿರುಪರೀಕ್ಷೆಯಲ್ಲಿ ಅವರು ಕೇಳಿದ್ದು ಇಷ್ಟೇ: ಒಂದು ಕುರಿ ಮರಿ ಹಾಕದೇ ಇರಬಹುದು, ಒಂದು ಹಾಕಬಹುದು, ಎರಡು ಹಾಕಬಹುದು; ಈ ಮೂರು ಫಲಿತಗಳ ಮೇಲೆ ಒಂದು ಸಿಗ್ಮಾ ಆಲ್ಜೀಬ್ರಾ, ಅಂದರೆ ಪೂರಕ ತೆಗೆದರೂ ಕೂಡಿಸಿದರೂ ಹೊರಗೆ ಬೀಳದ ಗಣಗಳ ಗುಂಪು, ಬರೆಯಿರಿ. ಎಲ್ಲರೂ ಪಾಠದಲ್ಲಿ ಹೇಳಿದಂತೆ ಆ ಮೂರರಿಂದ ಆಗುವ ಎಂಟೂ ಉಪಗಣ ಬರೆದಿದ್ದರು. ನಾಗನೂರಿನ ಕುರುಬರ ಹುಡುಗಿ ಕಸ್ತೂರಿ ಮಾತ್ರ ನಾಲ್ಕು ಬರೆದಿದ್ದಳು: ಖಾಲಿ ಗಣ, ಸೊನ್ನೆಯೊಂದೇ ಇರುವ ಗಣ, ಒಂದು ಎರಡು ಇರುವ ಗಣ, ಮೂರೂ ಇರುವ ಗಣ. ಬೆಳಗಿನ ಕ್ಲಾಸಿನಲ್ಲಿ ಖಲೀಲ ಸರ್ ಅವಳ ಉತ್ತರಪತ್ರಿಕೆ ಎತ್ತಿ ಹಿಡಿದರು.

“ಕುರಿ ಕಾಯೋರ ಮನಿಯಾಕಿ, ಎಂಟರ ತನಕಾ ಎಣಸಾಕ ಬರೂದಿಲ್ಲ ನೋಡ್ರಿ!”

ಅರವತ್ತು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನ ಚಹಾ ಕುಡಿಯುತ್ತ ಅದೇ ಪತ್ರಿಕೆ ತಿರುವಿದಾಗ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದದ್ದು ಕಂಡಿತು: ‘ಅಪ್ಪ ದೂರದಿಂದ ಕುರಿಯ ಕೆಚ್ಚಲು ನೋಡುತ್ತಾನೆ. ಈದಿದೆಯೋ ಇಲ್ಲವೋ ತಿಳಿಯುತ್ತದೆ. ಮರಿ ಒಂದೋ ಎರಡೋ ತಿಳಿಯುವುದಿಲ್ಲ.’

ಖಲೀಲ ಸರ್ ಲೆಕ್ಕ ಹಾಕಿ ನೋಡಿದರು. ಪ್ರತಿ ಗಣದ ಪೂರಕವೂ, ಅಂದರೆ ಅದರಲ್ಲಿಲ್ಲದ ಫಲಿತಗಳ ಗಣವೂ, ಇದೆ. ಯಾವೆರಡನ್ನು ಕೂಡಿಸಿದರೂ ಆ ನಾಲ್ಕರೊಳಗೇ ಬೀಳುತ್ತದೆ. ತಪ್ಪೆಲ್ಲಿ? ಎಂಟೇ ಬೇಕೆಂದು ತಾವು ಕೇಳಿಯೇ ಇರಲಿಲ್ಲ. ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂದು ಹೇಳುವುದಕ್ಕೇ ಈ ಆಲ್ಜೀಬ್ರಾ ಇರುವುದೆಂದು ಹುಡುಗಿಗೆ ಅರ್ಥವಾಗಿತ್ತು, ಕಲಿಸಿದವರಿಗೆ ಆಗಿರಲಿಲ್ಲ. ಗಣಿತದ ತಪ್ಪನ್ನು ಹೇಗೋ ನುಂಗಬಹುದಿತ್ತು. ಅವಳ ಮನೆತನ ಎತ್ತಿ ಆಡಿದ್ದು ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಕಸ್ತೂರಿ ಊರಿನ ಬಸ್ಸಿಗೆ ಕಾಯುವ ಬಸ್ ಸ್ಟ್ಯಾಂಡಿಗೆ ಓಡಿದರು. ಅಲ್ಲಿಯೂ ಮಹಾನುಭಾವರು ಅತ್ತಿತ್ತ ನೋಡಿ, ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಾಯಿಬಿಟ್ಟರು.

“ಕಸ್ತೂರಿ, ನಿನ್ನ ಉತ್ತರ ಖರೆ ಐತವ್ವಾ. ತಪ್ಪು ನಂದು. ಪೂರಾ ಮಾರ್ಕ್ಸ್ ಹಾಕೇನಿ.”

“ಮಾರ್ಕ್ಸ್ ಇರ್ಲಿ ಬಿಡ್ರಿ ಸರ್. ನಕ್ಕಾವ್ರು ಅರವತ್ತು ಮಂದಿ. ಇಲ್ಲಿ ನಾವಿಬ್ರ ಅದೇವಿ.”

ಖಲೀಲ ಸರ್ ತಲೆ ತಗ್ಗಿಸಿದರು.

“ನಾಳೆ ಎಲ್ಲಾರ ಮುಂದ ಹೇಳತೇನಿ. ಕುರಿ ಕಾಯೋರ ಬಗ್ಗೆ ಆಡಿದ್ದೂ ತಪ್ಪಂತ ಹೇಳತೇನಿ. ನೀ ಕ್ಲಾಸಿಗೆ ಬರಬೇಕವ್ವಾ.”

ನಾಗನೂರ ಬಸ್ಸು ಬಂದು ನಿಂತಿತು. ಕಸ್ತೂರಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ಬರತೇನ್ರಿ. ಇವತ್ತ ಅಷ್ಟು ಮಂದಿ ನಕ್ಕಾಗೂ ನಾ ಎದ್ದು ಹೋಗಿಲ್ಲಲ್ರಿ ಸರ್.”