ಕರೆಮ್ಮ ಟೀಚರಿಗೆ ತೋಡಿದ ಕುಣಿ

"ಒಡಿಲೇ ಅದನ್ನ! ಏನ್ ನೋಡಾಕತ್ತೀ?" ಮರಿಲಿಂಗಪ್ಪಗೌಡ ಮೇಲಿನಿಂದ ಗದರಿದ.

ಎದೆಮಟ್ಟದ ಕುಣಿಯೊಳಗೆ ನಿಂತಿದ್ದ ನಾಗಣ್ಣ ಗುದ್ದಲಿ ಎತ್ತಲಿಲ್ಲ. ಅವನ ಪಾದದ ಬಳಿ ಕಪ್ಪು ಗಡಿಗೆಯೊಂದರ ಬಾಯಿ ಕಾಣುತ್ತಿತ್ತು. ಅದರ ಪಕ್ಕಕ್ಕೆ ಎಲುಬುಗಳಿದ್ದವು.

"ಇದು ಹಳೇ ಕಾಲದವರ ಗೋರಿರಿ ಗೌಡ್ರ. ನಮ್ಮ ಟೀಚರ್ ಹೇಳಿಕೊಟ್ಟಿದ್ರು."

"ನಿಮ್ಮ ಟೀಚರ್ ಸತ್ತಾಳ. ಒಳಗ ಬಂಗಾರ ಇದ್ದರೂ ಇದ್ದೀತು. ಇಲ್ಲಂದ್ರ ಎಲ್ಲಾ ಬಳದು ಹೊರಗ ಒಗಿ. ಹೊತ್ತು ಮುಣಗಾಕತ್ತದ."

ಹೆಣದ ತಲೆದೆಸೆಗೆ ಕೂತಿದ್ದ ಮುದುಕಮ್ಮನಿಗೆ ಆ ಮಾತು ಕೇಳಿಸಿತು. ಸತ್ತ ಕರೆಮ್ಮ ಟೀಚರ್ ಅವಳ ಒಡಹುಟ್ಟಿದ ಅಕ್ಕ. ಮುದುಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

*

ಎಷ್ಟೋ ವರ್ಷಗಳ ಹಿಂದೆ ಊರ ಪಕ್ಕ ಕಾಲುವೆ ಅಗೆಯುವಾಗ ಇಂಥ ಗಡಿಗೆಗಳು ರಾಶಿ ಸಿಕ್ಕಿದ್ದವು. ಬಂಗಾರದಾಸೆಗೆ ಗೌಡ ಆಳು ಹಚ್ಚಿ ಒಡೆಸಿದ. ಸಿಕ್ಕಿದ್ದು ಬೂದಿ, ಎಲುಬಿನ ಚೂರು. ಆ ಸಿಟ್ಟಿಗೆ ಉಳಿದವನ್ನೂ ಒಡೆಸಿದ. ಥೂ, ಅದೆಂಥ ಹಾಳು ಬುದ್ಧಿಯೋ! ಅಡ್ಡ ನಿಂತ ಕರೆಮ್ಮನಿಗೆ, "ಸಾಲಿ ಕಲಿಸೂದು ಬಿಟ್ಟು ಬೋಕಿ ಆರಸ್ತೀಯೇನಬೇ?" ಎಂದು ನಕ್ಕಿದ್ದ.

ಮರುದಿನ ಅವಳು ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಆ ಬೋಕಿಗಳನ್ನೇ, ಒಡೆದ ಗಡಿಗೆಯ ಚೂರುಗಳನ್ನೇ, ಆರಿಸಿದಳು. ಜಾಲಿ ಅಂಟು ಹಚ್ಚಿ ಒಂದು ಗಡಿಗೆ ಕೂಡಿಸಿದರು. ಕೆರೆಯ ಮಣ್ಣು ತಂದು ಅಂಥವೇ ಮಾಡಿ ಸುಟ್ಟರು. ಆಮೇಲೆ ಗುಲ್ಬರ್ಗಾದ ಮ್ಯೂಸಿಯಮ್ಮಿಗೆ ಹೋದಾಗ ಸಣ್ಣ ಹುಡುಗ ನಾಗಣ್ಣ ಗಾಜಿನ ಪೆಟ್ಟಿಗೆಯ ಮುಂದೆ, "ಟೀಚರ್, ಇದು ನಮ್ಮೂರಾಗಿನ ಗಡಿಗಿ!" ಎಂದು ಚೀರಿದ.

"ಹೌದಪ್ಪ. ಸತ್ತವರ ಜೋಡಿ ಇಟ್ಟದ್ದು," ಅಂದಿದ್ದಳು ಕರೆಮ್ಮ. "ಆಗಿನವರೂ ತಮ್ಮವರು ಸತ್ತರ ನಮ್ಮಂಗ ಅತ್ತಾರ."

*

"ನಾಗ್ಯಾ, ಮ್ಯಾಲ ಬಾ," ಅಂದಳು ಮುದುಕಮ್ಮ. "ಅಕ್ಕಗ ಬಾಜೂಕ ಬ್ಯಾರೆ ಕುಣಿ ತೋಡು."

"ತಲಿ ಕೆಟ್ಟದೇನು ನಿನಗ? ತೋಡಿದ ಕುಣಿ ಖಾಲಿ ಬಿಟ್ರ ಊರಾಗ ಇನ್ನೊಂದು ಹೆಣ ಬೇಡ್ತದ!" ಗೌಡ ರೇಗಿದ.

ಅದು ಊರೆಲ್ಲ ನಂಬುವ ಮಾತು. ಹಿಂದೆ ನಿಂತವರು ಗುಸುಗುಸು ಅಂದರು. "ಗೌಡ್ರು ಖರೇನ ಹೇಳಾಕತ್ತಾರ," ಎಂದು ಒಬ್ಬಾಕೆ ಮಗುವನ್ನು ಎದೆಗವಚಿಕೊಂಡಳು.

ಮುದುಕಮ್ಮನ ಮೈಯೆಲ್ಲ ಉರಿಯಿತು. "ಜೀವ ಇರೂತನ ನಕ್ಕೋಂತ ಬಂದ್ರಿ. ಇವತ್ತು ಆಕಿ ಹೆಣದ ಮುಂದನ ಗಡಿಗಿ ಒಡಿ ಅಂತೀರಿ. ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಖಾಲಿ ಎಲ್ಲದ ಕುಣಿ? ಬಗ್ಗಿ ನೋಡ್ರಿ! ಒಳಗ ಒಬ್ಬರು ಮಲಗ್ಯಾರ!"

ಗೌಡ ಬಗ್ಗಲಿಲ್ಲ. ಉಳಿದವರು ಬಗ್ಗಿ ನೋಡಿದರು.

ನಾಗಣ್ಣ ಮೇಲೆ ಹತ್ತಿ ಬಂದ. ಮುದುಕಮ್ಮ ಹಿಡಿ ಮಣ್ಣು ತೆಗೆದು ಹಣೆಗೊತ್ತಿಕೊಂಡು ಆ ಕುಣಿಗೆ ಹಾಕಿದಳು. ಆಮೇಲೆ ನಾಗಣ್ಣ ಹಾಕಿದ. ಕರೆಮ್ಮನ ಹತ್ತಿರ ಕಲಿತು ಈಗ ತಲೆ ನರೆತವರು ಒಬ್ಬೊಬ್ಬರಾಗಿ ಬಂದು, ಹೆಸರು ಗೊತ್ತಿಲ್ಲದ ಆ ಸತ್ತವರಿಗೆ ಮಣ್ಣು ಕೊಟ್ಟರು. ಕರೆಮ್ಮ ಪಕ್ಕದಲ್ಲಿ, ಚಟ್ಟದ ಮೇಲೆ, ತನ್ನ ಸರದಿಗೆ ಕಾದಿದ್ದಳು.